ತೆನೆ ಹಬ್ಬದ ಹೂಗಳಿಗೆ ಹುಲ್ಲು, ಬಳ್ಳಿಯ ಜೊತೆ

ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮೋತ್ಸವಕ್ಕೆ ಮಕ್ಕಳು ತರುವ ಹೂಗಳು ಬಗೆಬಗೆಯವು, ತೊಟ್ಟೂ ಗಿಡ್ಡ. ಪೇಟೆಯ ಹೂ ಬಂದರೆ ಅವು ಮೂಲೆ ಸೇರುತ್ತವೆ, ನಮಗದು ಸರಿಕಾಣದು. ಗದ್ದೆ ಬದುವಿನ ಹುಲ್ಲು, ಬೇಲಿಯ ಬಳ್ಳಿಗಳನ್ನು ಹಿಂದಿನ ಸಂಜೆಯೇ ಕೊಯ್ದು ರಾತ್ರಿಯಿಡೀ ನೀರಿನಲ್ಲಿಡೋಣ. ನೀರಿಗೆ ತಾಗುವ ಎಲೆ ತೆಗೆಯಬೇಕು, ಇಲ್ಲವಾದರೆ ಕೊಳೆತು ನಾರುತ್ತದೆ. ಅಗಲ ಬಾಯಿಯ ಮಡಕೆಯೊಳಗೆ ಸುತ್ತಿದ ತಂತಿಬಲೆ ಸಾಕು; ಹಸಿರು ಫೋಮ್ ಬೇಡ, ಅದೂ ಪ್ಲಾಸ್ಟಿಕ್ಕೇ. ಮೊದಲು ಹುಲ್ಲು, ಎತ್ತರ ಹೆಚ್ಚುಕಡಿಮೆಯಾಗಿ. ಬಳ್ಳಿ ತಾನು ಬೆಳೆದ ಕಡೆಗೇ ಬಾಗಲಿ, ಕಟ್ಟಿ ನೇರಮಾಡುವುದು ಬೇಡ. ಮಕ್ಕಳ ಹೂ ಕೊನೆಗೆ, ಅಂಚಿನಲ್ಲಿ ಗುಂಪುಗುಂಪಾಗಿ. ಗಿಡ್ಡ ತೊಟ್ಟಿಗೂ ಎಟಕುವಂತೆ ನೀರು ತುಂಬಿರಲಿ.

ಬಲಿಪೀಠದ ಮೇಲಲ್ಲ, ಅದರ ಸುತ್ತ ಇಡುವುದೇ ಪೂಜಾವಿಧಿಯ ಕ್ರಮ. ಕೊಂಕಣಿ, ಮಲಯಾಳದ ಮನೆಗಳ ಹೂವೂ ಅದೇ ಮಡಕೆಗೆ.