ಚೌಕಾಸಿ ಎಲ್ಲಿ ನಿಲ್ಲಬೇಕು?



ಕೆಲಸದ ಮೇಲೆ ಭೀಮರಾಯನಗುಡಿಗೆ ಹೋಗಿದ್ದ ಒಂದು ಸಂಜೆಯ ಮಾತಿದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕಾಲೋನಿಗಳೊಂದಿಗೆ ಬೆಳೆದ ಊರು ಅದು. ತಿಂಗಳ ಸಂಬಳದವರೂ ಅಂದಿನ ಗಳಿಕೆಯನ್ನು ಅಂದೇ ಉಣ್ಣುವವರೂ ಅಲ್ಲಿ ರಸ್ತೆಬದಿಯ ಗೋಣಿತಟ್ಟಿನ ಮುಂದೆ ಎದುರುಬದುರಾಗುತ್ತಾರೆ. ಕತ್ತಲಾಗುತ್ತಿತ್ತು. ಹಳ್ಳಿಯಿಂದ ಬಂದ ಒಬ್ಬ ತಾಯಿ ಉಳಿದ ನಾಲ್ಕು ಸೂಡು ಮೆಂತ್ಯಪಲ್ಯ ಇಟ್ಟುಕೊಂಡು ಬಸ್ಸಿನ ದಾರಿ ನೋಡುತ್ತಿದ್ದಳು.

"ಇಪ್ಪತ್ತಕ್ಕ ಎರಡು ರೀ" ಎಂದಳು.

"ಹತ್ತಕ್ಕ ಎರಡು ಕೊಡವ್ವ. ಈ ಹೊತ್ತಿನ್ಯಾಗ ಇನ್ಯಾರು ತಗೋತಾರ?" ಎಂದೆ.

ಆಕೆ ಒಮ್ಮೆ ರಸ್ತೆಯ ಕಡೆ ನೋಡಿ, "ತಗೋರಿ ಯಪ್ಪಾ" ಎಂದು ಕೊಟ್ಟಳು. ಕೇಳದಿದ್ದರೂ ಒಂದು ಹಿಡಿ ಕೊತ್ತಂಬರಿಯನ್ನು ಕೊಸರೆಂದು ಚೀಲಕ್ಕೆ ಹಾಕಿದಳು. ಗೆದ್ದೆನೆಂದು ಹೊರಟವನಿಗೆ ದಾರಿಯಲ್ಲಿ ಆ ಕೊಸರೇ ಭಾರವಾಯಿತು. ಸೊಪ್ಪು ಬಾಡಿರಲಿಲ್ಲ. ಬೆಲೆ ಇಳಿದದ್ದು ಆಕೆಯ ಬಸ್ಸಿನ ಅವಸರದಿಂದ.

ಚೌಕಾಸಿ ಪಾಪವೇ?

ಹಾಗೇನೂ ಇಲ್ಲ. ಸಂತ ತೋಮಸ್ ಅಕ್ವಿನಾಸರು (1225-1274) ಕೊಡುಕೊಳ್ಳುವಿಕೆಯಲ್ಲಿನ ಮೋಸವನ್ನು ಕುರಿತು ಪ್ರತ್ಯೇಕವಾಗಿಯೇ ಬರೆದಿದ್ದಾರೆ. ನ್ಯಾಯವಾದ ಬೆಲೆ ಎಂಬುದು ಕೂದಲೆಳೆಯಷ್ಟು ನಿಖರವಾದುದಲ್ಲ, ಅದೊಂದು ಅಂದಾಜು; ಸ್ವಲ್ಪ ಹೆಚ್ಚುಕಡಿಮೆಯಾದರೆ ನ್ಯಾಯ ಕೆಡುವುದಿಲ್ಲ ಎನ್ನುತ್ತಾರೆ ಅವರು. ಆ ಹೆಚ್ಚುಕಡಿಮೆಯ ನಡುವಿನ ಜಾಗವೇ ಚೌಕಾಸಿಯ ಜಾಗ. ವರ್ಗವಾಗಿ ಬಂದ ಕುಟುಂಬಕ್ಕೆ ಊರಿನ ದರ ಗೊತ್ತಿಲ್ಲವೆಂದು ಅಂಗಡಿಯವನು ದುಪ್ಪಟ್ಟು ಹೇಳಿದರೆ, ಅದನ್ನು ಇಳಿಸಿ ಕೇಳುವುದು ಅವರ ಹಕ್ಕು. ಇದ್ದಷ್ಟರಲ್ಲೇ ಮನೆ ತೂಗಿಸುವ ಗೃಹಿಣಿ ನಾಲ್ಕು ಕಡೆ ವಿಚಾರಿಸುವುದು ಜಿಪುಣತನವಲ್ಲ, ಜಾಣತನ.

ಆದರೆ ಅದೇ ಸಂತರು ಒಂದು ಗಡಿಯನ್ನೂ ಹಾಕಿದ್ದಾರೆ. ಕೊಳ್ಳುವವನಿಗೆ ವಸ್ತು ತೀರಾ ಅಗತ್ಯವಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಕೂಡದು. ಆ ಅಗತ್ಯವು ಮಾರುವವನ ಸ್ವತ್ತಲ್ಲ, ತನ್ನದಲ್ಲದ್ದನ್ನು ಅವನು ಮಾರುವಂತಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವೂ ಪರರ ಅಜ್ಞಾನ ಅಥವಾ ಕಷ್ಟವನ್ನು ಬಳಸಿ ಬೆಲೆ ಏರಿಸುವುದನ್ನು ಏಳನೆಯ ಆಜ್ಞೆಗೆ ವಿರುದ್ಧವೆಂದು ಎಣಿಸುತ್ತದೆ. ಈ ಮಾತು ಕೊಳ್ಳುವವರಿಗೂ ಸಲ್ಲುತ್ತದೆ. ವಸ್ತುವಿನ ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದನ್ನೂ ಅಕ್ವಿನಾಸರು ಅನ್ಯಾಯವೆಂದೇ ಕರೆದಿದ್ದಾರೆ. ಆ ತಾಯಿಯ ಅವಸರ ನನ್ನ ಸ್ವತ್ತಾಗಿರಲಿಲ್ಲ.

ಅಬ್ರಹಾಮನ ಎರಡು ಚೌಕಾಸಿ

ಆದಿಕಾಂಡದ 18ನೆಯ ಅಧ್ಯಾಯ ತೆರೆಯಿರಿ. ಸೊದೋಮ್ ಪಟ್ಟಣವನ್ನು ಉಳಿಸಲು ಅಬ್ರಹಾಮನು ದೇವರೊಂದಿಗೇ ಚೌಕಾಸಿಗೆ ಇಳಿಯುತ್ತಾನೆ. 50 ಮಂದಿ ನೀತಿವಂತರಿಂದ ಆರಂಭಿಸಿ 45, 40, 30, 20 ಎಂದು ಇಳಿಸುತ್ತಾ ಕೊನೆಗೆ 10ಕ್ಕೆ ತಂದು ನಿಲ್ಲಿಸುತ್ತಾನೆ. ದೇವರು ಬೇಸರಿಸಲಿಲ್ಲ.

ಈಗ 23ನೆಯ ಅಧ್ಯಾಯ ನೋಡಿ. ಸಾರಾ ತೀರಿಕೊಂಡಿದ್ದಾಳೆ. ಹೂಳಲು ಜಾಗ ಬೇಕು. ಎಫ್ರೋನನು ಹೊಲವನ್ನು ಪುಕ್ಕಟೆ ಕೊಡುತ್ತೇನೆಂದು ಮೊದಲು ಹೇಳಿ, ಅದರ ಬೆಲೆ 400 ಶೆಕೆಲ್ ಬೆಳ್ಳಿ ಎಂಬುದನ್ನೂ ಮೆಲ್ಲಗೆ ತಿಳಿಸುತ್ತಾನೆ. ಅಬ್ರಹಾಮನು ಮರುಮಾತಾಡದೆ ಅಷ್ಟನ್ನೂ ತೂಗಿಕೊಟ್ಟ. ಪರರ ಪ್ರಾಣಕ್ಕಾಗಿ ಆರು ಸಲ ಕೇಳಿದವನು ತನಗಾಗಿ ಒಮ್ಮೆಯೂ ಕೇಳಲಿಲ್ಲ.

ನಮ್ಮದು ಇದಕ್ಕೆ ತಿರುವುಮುರುವು. ಸೊಪ್ಪಿನವಳೊಂದಿಗೆ ಐದು ರೂಪಾಯಿಗೆ ಗಂಟಲು ಹರಿದುಕೊಳ್ಳುತ್ತೇವೆ. ಹತ್ತಿ ಬಿಡಿಸುವ ಹೆಂಗಸರಿಗೆ ಸರಿಯಾದ ಕೂಲಿ ಸಿಗಲೆಂದು ಎಷ್ಟು ಸಲ ಬಾಯಿ ತೆರೆದಿದ್ದೇವೆ? ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ ಮಾತ್ರ, ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಆದರೂ ಅಲ್ಲಿ ಸುಮ್ಮನೆ ಕೊಟ್ಟು ಬರುತ್ತೇವೆ.

ಅಗ್ಗಕ್ಕೆ ಕೊಳ್ಳುವ ಆಸೆ ಎಲ್ಲರಿಗೂ ಸಹಜ ಎನ್ನುವವರಿಗೆ ಸಂತ ಅಗಸ್ತೀನರು ತಾವು ಬಲ್ಲ ಒಬ್ಬನ ಸಂಗತಿ ಹೇಳುತ್ತಾರೆ. ಬೆಲೆ ಅರಿಯದ ಒಬ್ಬನು ಪುಸ್ತಕವೊಂದನ್ನು ಬಹಳ ಅಗ್ಗಕ್ಕೆ ಮಾರಲು ಬಂದಾಗ, ಇವನು ಅದರ ನಿಜವಾದ ಬೆಲೆಯನ್ನೇ ಕೊಟ್ಟನಂತೆ. ಸಹಜವೆನಿಸಿದ ಆಸೆಯನ್ನೂ ಗೆಲ್ಲಬಹುದು.

ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿ

1. ನಾನು ಇಳಿಸಿದ್ದು ವಸ್ತುವಿನ ಬೆಲೆಯನ್ನೋ, ಮಾರುವವರ ಕಷ್ಟವನ್ನು ಕಂಡು ಪಡೆದ ಲಾಭವನ್ನೋ?

2. ಒಳ್ಳೆಯ ಮಾಲನ್ನು ಕೆಟ್ಟದ್ದೆಂದು ಹಳಿದು, ಮನೆಗೆ ಬಂದು ಜಂಬ ಕೊಚ್ಚಿದೆನೇ? ಜ್ಞಾನೋಕ್ತಿಗಳ 20ನೆಯ ಅಧ್ಯಾಯ ಇಂಥವನನ್ನೇ ತೋರಿಸುತ್ತದೆ.

3. ನಾನು ಮಾರುವ ಜಾಗದಲ್ಲಿ ಕುಳಿತಿದ್ದರೆ ಈ ಬೆಲೆಗೆ ಮನಸಾರೆ ಕೊಡುತ್ತಿದ್ದೆನೇ?

ಲೂಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ದೇವರ ಔದಾರ್ಯವನ್ನು ವರ್ಣಿಸಲು ಸಂತೆಯ ಅಳತೆಯನ್ನೇ ಆರಿಸಿಕೊಂಡರು: ಅದುಮಿ, ಅಲುಗಿಸಿ, ಹೊರಚೆಲ್ಲುವಂತೆ ಮಡಿಲಿಗೆ ಸುರಿಯುವ ಅಳತೆ. ನಮ್ಮ ಮಾತಿನಲ್ಲಿ ಅದು ಕೊಸರು. ಆ ಸಂಜೆ ಅದನ್ನು ಕೊಟ್ಟವಳು ಆಕೆ, ಪಡೆದವನು ಉಪದೇಶ ಮಾಡುವ ನಾನು. ಮತ್ತೆ ಹೋದಾಗ ಹುಡುಕಿದೆ, ಆಕೆ ಕಾಣಲಿಲ್ಲ. ಹತ್ತು ರೂಪಾಯಿಯ ಋಣ ಇನ್ನೂ ನನ್ನ ಮೇಲಿದೆ. ನೀವು ನಾಳೆ ಸಂತೆಗೆ ಹೊರಟರೆ, ಇಂಥ ಋಣ ಹೊತ್ತು ಮನೆಗೆ ಬರಬೇಡಿ.