ಸಣ್ಣ ಸಿನಿಮಾ ಕಂಪನಿ ಹೇಗೆ ನಡೆಯುತ್ತದೆ?



ವ್ಯವಹಾರ ಅಧ್ಯಯನದ ತರಗತಿಯಲ್ಲಿ ಸಂಸ್ಥೆಗಳ ಸ್ವರೂಪದ ಪಾಠ ನಡೆದಿತ್ತು. ಕಿರಾಣಿ ಅಂಗಡಿ, ದಾಲ್ ಮಿಲ್, ಬಟ್ಟೆ ಅಂಗಡಿ ಎಲ್ಲ ಉದಾಹರಣೆ ಮುಗಿದ ಮೇಲೆ ಜೇವರ್ಗಿ ಕಡೆಯ ಒಬ್ಬ ಹುಡುಗ ಎದ್ದು, "ಸರ್, ಸಿನಿಮಾ ಕಂಪನಿ ಅಂದ್ರ ಏನ್ರಿ? ನಮ್ಮ ಕಡಿ ಮಂದಿ ಸಿನಿಮಾ ಮಾಡಬೇಕಂದ್ರ ಬೆಂಗಳೂರಿಗೇ ಹೋಗಬೇಕೇನ್ರಿ?" ಎಂದು ಕೇಳಿದ. ಹಿಂದಿನ ಬೆಂಚಿನಿಂದ ಆಳಂದದ ಹುಡುಗಿಯೊಬ್ಬಳು, "ನಮ್ಮ ಮಾತು ಸಿನಿಮಾದಾಗ ನಗಸಲಿಕ್ಕ ಅಷ್ಟೇ ಇರ್ತದ್ರಿ" ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಅವನ ಪ್ರಶ್ನೆಗೂ ಅವಳ ಮಾತಿಗೂ ಸಂಬಂಧ ಇದೆ ಅನ್ನಿಸಿತು. ಗಂಟೆ ಬಾರಿಸಿದ್ದರಿಂದ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವು ಮನೆಗಳಲ್ಲಿ ಸಿನಿಮಾ ಎಂಬ ಮಾತೇ ಬೇಡ ಎನ್ನುತ್ತಾರೆ. ಅದು ಅವರವರ ಮನೆಯ ವಿಚಾರ. ನೋಡುವುದು ಬಿಡುವುದು ಬೇರೆ, ಒಂದು ವ್ಯವಹಾರ ಹೇಗೆ ನಡೆಯುತ್ತದೆ ಎಂದು ತಿಳಿಯುವುದು ಬೇರೆ.

ಕಂಪನಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನಾಟಕ ಕಂಪನಿ. ಜಾತ್ರೆಗೆ ಬಂದು ಟೆಂಟು ಹಾಕಿ, ರಾತ್ರಿ ಆಟ ಆಡಿ, ಬಂದ ಕಲೆಕ್ಷನ್‌ನಲ್ಲಿ ಮರುದಿನದ ಅಡುಗೆ ನಡೆಸುವ ಕಂಪನಿ. ಆಟ ಓಡದಿದ್ದರೆ ಮಾಲೀಕರು ಮರುದಿನ ಬೇರೆ ನಾಟಕ ಹಾಕಬಹುದು. ಸಿನಿಮಾ ಕಂಪನಿಗೆ ಆ ಅನುಕೂಲ ಇಲ್ಲ. ಮೊದಲ ಟಿಕೆಟ್ ಹರಿಯುವ ಹೊತ್ತಿಗೆ ಕಥೆ, ನಟರು, ಕ್ಯಾಮೆರಾ ಬಾಡಿಗೆ, ಊಟ, ಲೈಟು, ಸಂಕಲನ, ಧ್ವನಿ ಎಲ್ಲದರ ಖರ್ಚೂ ಆಗಿಹೋಗಿರುತ್ತದೆ. ಬಿಸಿಲಿಗೆ ಹಾಳಾಗುವ ಟೊಮ್ಯಾಟೊವನ್ನಾದರೂ ಅಗ್ಗಕ್ಕೆ ಮಾರಬಹುದು. ಅರ್ಧ ಮುಗಿದ ಸಿನಿಮಾವನ್ನು ಕೇಳುವವರಿಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಹೆಸರಿನಲ್ಲಿ ಕಂಪನಿ ಎಂದಿದ್ದರೂ ಕಾನೂನಿನ ಪ್ರಕಾರ ಅದು ಏಕವ್ಯಕ್ತಿ ಸಂಸ್ಥೆ ಇರಬಹುದು, 1932ರ ಕಾಯಿದೆಯ ಪಾಲುದಾರಿಕೆ ಇರಬಹುದು, ಖಾಸಗಿ ಕಂಪನಿಯೂ ಇರಬಹುದು. ಖಾಸಗಿ ಕಂಪನಿಗೆ ಕನಿಷ್ಠ 2, ಗರಿಷ್ಠ 200 ಸದಸ್ಯರು ಎಂದು ನೀವು ಓದಿದ್ದೀರಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಇನ್ನೊಂದು ಸಂಗತಿ ಗೊತ್ತಿರಲಿ: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕರ ಹೆಸರು ದೊಡ್ಡ ಅಕ್ಷರದಲ್ಲಿ ಬರಬಹುದು, ಚಿತ್ರದ ಒಡೆತನ ಮಾತ್ರ ನಿರ್ಮಾಣ ಸಂಸ್ಥೆಯದು. ಪ್ರಕಟವಾದ ನಂತರ 60 ವರ್ಷ ಆ ಹಕ್ಕು ನಡೆಯುತ್ತದೆ. ಹಾಗಾಗಿ ಯಾವ ಭಾಷೆ, ಯಾವ ಊರು, ಯಾರ ಮುಖ ಎಂದು ಕೊನೆಗೆ ತೀರ್ಮಾನಿಸುವುದು ಹಣ ಹೊಂದಿಸಿದವರೇ.

ಹಾಗಾದರೆ ಹಣ ಎಲ್ಲಿಂದ? ಬ್ಯಾಂಕು ಹೊಸಬರ ಸಿನಿಮಾಕ್ಕೆ ಸುಲಭವಾಗಿ ಸಾಲ ಕೊಡುವುದಿಲ್ಲ. ಖಾಸಗಿ ಸಾಲ ಸಿಗುತ್ತದೆ, ಬಡ್ಡಿಯೂ ಹಾಗೇ ಇರುತ್ತದೆ. ಬಡ್ಡಿಗೆ ಹಣ ತಂದವರಿಗೆ ಪ್ರತಿ ತಿಂಗಳೂ ಭಯ. ಆ ಭಯದಲ್ಲಿ ಕಥೆಯೊಳಗೆ ಒಂದು ಹಾಡು, ಎರಡು ಹೊಡೆದಾಟ, ನಗಿಸಲಿಕ್ಕೆ ಒಬ್ಬ "ಉತ್ತರ ಕರ್ನಾಟಕದ" ಪಾತ್ರ ಬಂದು ಸೇರಿಕೊಳ್ಳುತ್ತವೆ. ಆಳಂದದ ಹುಡುಗಿ ಹೇಳಿದ್ದು ಹೀಗೆ ಆಗುತ್ತದೆ. ಅದಕ್ಕೆ ಕಾರಣ ದ್ವೇಷ ಅಲ್ಲ, ಬಹಳ ಸಲ ಲೆಕ್ಕಾಚಾರ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಪವನ್ ಕುಮಾರ್ ಅವರು 'ಲೂಸಿಯಾ' ಚಿತ್ರಕ್ಕೆ ನಿರ್ಮಾಪಕರು ಸಿಗದೆ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. 2013ರಲ್ಲಿ ಚಿತ್ರ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು, ಅದೇ ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆಗೆ ಬಂತು. ಸಾಲಕ್ಕೂ ಪಾಲಿಗೂ ಇರುವ ವ್ಯತ್ಯಾಸವನ್ನು ನಮ್ಮಲ್ಲಿ ಅನೇಕರು ಮನೆಯಲ್ಲೇ ಕೇಳಿರುತ್ತೀರಿ. ಮುದಾರಬಾ ಒಪ್ಪಂದದಲ್ಲಿ ಒಬ್ಬರದು ಬಂಡವಾಳ, ಇನ್ನೊಬ್ಬರದು ದುಡಿಮೆ. ಲಾಭ ಬಂದರೆ ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ. ನಷ್ಟವಾದರೆ ಹಣ ಹಾಕಿದವರ ಹಣ ಹೋಗುತ್ತದೆ, ದುಡಿದವರ ದುಡಿಮೆ ಹೋಗುತ್ತದೆ. ದುಡಿದವರು ನಿರ್ಲಕ್ಷ್ಯ ಅಥವಾ ಮೋಸ ಮಾಡಿದ್ದರೆ ಮಾತ್ರ ಅವರು ಬಂಡವಾಳಕ್ಕೆ ಹೊಣೆ. ಅಪಾಯ ಇಷ್ಟು ದೊಡ್ಡದಿರುವ ವ್ಯವಹಾರಕ್ಕೆ ಬಡ್ಡಿಗಿಂತ ಪಾಲು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಪಾಲಿಗೆ ಲೆಕ್ಕದ ಪುಸ್ತಕ ಶುದ್ಧ ಇರಬೇಕು. ನೂರು ಜನರ ಹಣ ಇಟ್ಟುಕೊಂಡು ಟೀ ಖರ್ಚಿನ ಚೀಟಿ ಕಳೆದುಹೋಯಿತು ಎಂದರೆ ನಡೆಯದು. ವಾಣಿಜ್ಯ ವಿಭಾಗದವರಿಗೆ ಸಿನಿಮಾದಲ್ಲಿ ಏನು ಕೆಲಸ ಎಂದು ಇನ್ನು ಯಾರೂ ಕೇಳಬೇಡಿ.

ಈಗ ನಮ್ಮ ಭಾಗದ ಇನ್ನೊಂದು ಜಿಲ್ಲೆಗೆ ಬರೋಣ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯಲ್ಲಿ ಜೈಶಂಕರ್ ಆರ್ಯರ್ ಅವರು 'ಶಿವಮ್ಮ' ಚಿತ್ರ ಮಾಡಿದರು. ನಿರ್ಮಾಣ ರಿಷಬ್ ಶೆಟ್ಟಿ ಫಿಲ್ಮ್ಸ್. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಬಡ ಹೆಂಗಸೊಬ್ಬಳು ಒಬ್ಬರಿಂದೊಬ್ಬರಿಗೆ ಸದಸ್ಯತ್ವ ಮಾರುವ ನೆಟ್‌ವರ್ಕ್ ವ್ಯಾಪಾರಕ್ಕೆ ಕೂಡಿಟ್ಟ ಹಣ ಹಾಕಿ, ಶಕ್ತಿಯ ಪುಡಿ ಮಾರುತ್ತ ಮನೆಮನೆ ತಿರುಗುತ್ತಾಳೆ. ಇಂಥ ವ್ಯಾಪಾರ ಆಳಂದ, ಅಫಜಲಪುರ, ಜೇವರ್ಗಿಯ ಯಾವ ಓಣಿಗೆ ಬಂದಿಲ್ಲ ಹೇಳಿ! ಶಿವಮ್ಮನ ಪಾತ್ರ ಮಾಡಿದ್ದು ಶರಣಮ್ಮ ಚೆಟ್ಟಿ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಸಿನಿಮಾ ನಟರಲ್ಲ, ಹಳ್ಳಿಯ ಜನ. ಅವರಾಡುವ ಮಾತು ಆ ಕಡೆಯ ಮಾತೇ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಅಲ್ಲಿನವರು ಯಾರೂ "ಇದು ಯಾವ ಕನ್ನಡ" ಎಂದು ನಗಲಿಲ್ಲ. ಒಂದು ಹೆಣ್ಣಿನ ಹಟ ಅವರಿಗೆ ಕಂಡಿತು.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದ 'ತಿಥಿ'ಯ ಕ್ರಮವೂ ಇದೇ. ನಿರ್ದೇಶಕ ರಾಮ್ ರೆಡ್ಡಿ, ಕಥೆ ಕಟ್ಟಿದವರಲ್ಲಿ ಒಬ್ಬರಾದ ಈರೇಗೌಡ ಅದೇ ಊರಿನವರು. ಊರ ಜನರನ್ನು ನೋಡಿ ಪಾತ್ರ ಬರೆದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಿತು.

ಊರ ಜನರನ್ನೇ ನಟರಾಗಿ ತೆಗೆದುಕೊಂಡರೆ ಖರ್ಚು ಕಡಿಮೆ ಎಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ನಿಜ. ಸಂಭಾವನೆ ಉಳಿಯುತ್ತದೆ, ದಿನಗಳು ಹೆಚ್ಚುತ್ತವೆ. ತೊಗರಿ ರಾಶಿ ಬಂದರೆ ನಿಮ್ಮ ನಾಯಕ ಹೊಲಕ್ಕೆ ಹೋಗುತ್ತಾನೆ. ಮದುವೆ ಬಂದರೆ ಇಡೀ ಊರೇ ಖಾಲಿ. ಅವರಿಗೆ ಸ್ಟುಡಿಯೋದಲ್ಲಿ ಕುಳಿತು ಡಬ್ಬಿಂಗ್ ಮಾಡಲು ಬರುವುದಿಲ್ಲ, ಆದ್ದರಿಂದ ಮಾತನ್ನು ಸ್ಥಳದಲ್ಲೇ ಧ್ವನಿಮುದ್ರಿಸಬೇಕು. ಆಗ ಟ್ರ್ಯಾಕ್ಟರ್ ಸದ್ದು, ಬೋರ್‌ವೆಲ್ ಮೋಟಾರು, ಗುಡಿಯ ಮೈಕು, ಅಜಾನ್ ಎಲ್ಲದರ ವೇಳೆ ಬರೆದಿಟ್ಟುಕೊಂಡು ಶೂಟಿಂಗ್ ವೇಳಾಪಟ್ಟಿ ಮಾಡಬೇಕಾಗುತ್ತದೆ. ಒಂದು ಸಣ್ಣ ಕಂಪನಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಪ್ರೊಡಕ್ಷನ್ ಮ್ಯಾನೇಜರ್ ನಿರ್ದೇಶಕರಷ್ಟೇ ಮುಖ್ಯ. ಬೆಳಿಗ್ಗೆ ಐದಕ್ಕೆ ಜೀಪು ಬಂತೇ, ನಿನ್ನೆ ತೊಟ್ಟ ಅಂಗಿಯೇ ಇಂದೂ ಇದೆಯೇ, ಸಂಜೆ ಚಿತ್ರೀಕರಿಸಿದ್ದನ್ನು ಎರಡು ಹಾರ್ಡ್ ಡಿಸ್ಕಿಗೆ ಇಳಿಸಿದ್ದಾಯಿತೇ, ಹತ್ತು ಜನ ಹೆಚ್ಚಿಗೆ ಬಂದರೆ ರೊಟ್ಟಿ ಸಾಕೇ ಎಂಬುದೆಲ್ಲ ಅವರ ತಲೆನೋವು. ಪ್ರಶಸ್ತಿ ಪತ್ರದಲ್ಲಿ ಇವರ ಹೆಸರು ಇರುವುದಿಲ್ಲ.

ಕಾಗದಪತ್ರದ ಕೆಲಸವೂ ಕಡಿಮೆಯದಲ್ಲ. ಮೊದಲನೆಯದು ಕಥೆಯ ಹಕ್ಕು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಎಂದು ಚಿತ್ರ ಮಾಡಿದರು. ಗಂಡ ಬಿಟ್ಟುಹೋದ ಹೆಣ್ಣು ಮಸೀದಿಯ ಮುತವಲ್ಲಿಯ ಹತ್ತಿರ ನ್ಯಾಯ ಕೇಳುವ ಕಥೆ ಅದು. ನಟಿ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಅವರ ಹೆಸರನ್ನು ಮೊದಲ ಸಲ ಕೇಳಿದರು. ಸಿನಿಮಾದವರು ಇಪ್ಪತ್ತು ವರ್ಷ ಮೊದಲೇ ಓದಿದ್ದರು. ಕಥೆ ಓದಿ ಇಷ್ಟವಾದರೆ ಸಾಲದು, ಲೇಖಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಲೇಖಕರು ತೀರಿಕೊಂಡ ಮೇಲೂ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ವಾರಸುದಾರರದು. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರು 2020ರಲ್ಲಿ ತೀರಿಕೊಂಡರು. ಅವರ ಕಾದಂಬರಿ ಚಿತ್ರವಾಗಬೇಕಾದರೆ 2080ರ ಕೊನೆಯವರೆಗೂ ವಾರಸುದಾರರನ್ನು ಕೇಳಲೇಬೇಕು.

ಆಮೇಲೆ ಚಿತ್ರದ ಹೆಸರಿನ ನೋಂದಣಿ, ಸ್ಥಳದ ಅನುಮತಿ. ಹಳ್ಳಿಯಲ್ಲಿ ಪಂಚಾಯಿತಿಯನ್ನು ಕೇಳಬೇಕು, ದರ್ಗಾ ಅಥವಾ ಗುಡಿಯಲ್ಲಿ ಅಲ್ಲಿನ ಕಮಿಟಿಯನ್ನು. ಕಲಬುರಗಿ ಕೋಟೆಯಂಥ ಜಾಗಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಬೇಕು. ದೃಶ್ಯದಲ್ಲಿ ಎತ್ತು, ಆಡು ಪಾತ್ರ ಮಾಡಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ನಮ್ಮ ಮನೆಯದೇ ಆಡು ಎಂದರೆ ಆಗದು. ಎಲ್ಲ ಮುಗಿದ ಮೇಲೆ 1952ರ ಸಿನಿಮಾಟೋಗ್ರಾಫ್ ಕಾಯಿದೆಯಡಿ ಸೆನ್ಸಾರ್ ಪ್ರಮಾಣಪತ್ರ. ಅದಿಲ್ಲದೆ ಚಿತ್ರಮಂದಿರದಲ್ಲಿ ತೋರಿಸುವಂತಿಲ್ಲ. ಇದು ಬರೀ ಮುದ್ರೆಯ ಕೆಲಸ ಅಂದುಕೊಳ್ಳಬೇಡಿ. ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿ ತಮ್ಮ ಸಣ್ಣ ಸಂಸ್ಥೆ ರಾಮಮನೋಹರ ಚಿತ್ರದಿಂದ ನಿರ್ಮಿಸಿದಾಗ ಮದ್ರಾಸಿನ ಸೆನ್ಸಾರ್ ಅದನ್ನು ತಡೆಯಿತು. ಹೋರಾಡಿ ಬಿಡುಗಡೆ ಮಾಡಿಸಿದ ಅದೇ ಚಿತ್ರ 1970ರ ಸಾಲಿನ ಸ್ವರ್ಣ ಕಮಲ ಪಡೆಯಿತು. ಕನ್ನಡಕ್ಕೆ ಅದು ಮೊದಲನೆಯದು.

ಸಣ್ಣ ಕಂಪನಿ ಸೋಲುವುದು ಹೆಚ್ಚಾಗಿ ಇದಾದ ಮೇಲೆ. ಬೂಸಾನ್‌ನಲ್ಲಿ ಗೆದ್ದ 'ಶಿವಮ್ಮ' ನಮ್ಮ ರಾಜ್ಯದ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ, ಸುಮಾರು ಒಂದೂಮುಕ್ಕಾಲು ವರ್ಷ ತಡವಾಗಿ. ತೊಗರಿ ಬೆಳೆದವರಿಗೆ ಇದು ಗೊತ್ತಿರುವ ಕಥೆಯೇ. ಬೆಳೆಯುವುದು ನಮ್ಮ ಕೈಯಲ್ಲಿ, ಮಾರುಕಟ್ಟೆಯ ರೇಟು ಇನ್ನೊಬ್ಬರ ಕೈಯಲ್ಲಿ, ನಡುವೆ ಅಡತಿಯ ಕಮಿಷನ್. ಸಿನಿಮಾದಲ್ಲಿ ಅಡತಿಯ ಜಾಗದಲ್ಲಿ ವಿತರಕರು ಇದ್ದಾರೆ.

ಒಂದು ಲೆಕ್ಕ ಮಾಡೋಣ. ಇಲ್ಲಿನ ಮೊತ್ತ, ಪಾಲು ಎಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು, ತೆರಿಗೆ ಮಾತ್ರ ಇದ್ದದ್ದೇ. ಚಿತ್ರದ ಖರ್ಚು 40 ಲಕ್ಷ. ಟಿಕೆಟ್ ತೆರಿಗೆ ಸೇರಿ 100 ರೂಪಾಯಿ. ಶೇ. 5 ಜಿಎಸ್‌ಟಿ ತೆಗೆದರೆ ಉಳಿಯುವುದು 95 ರೂಪಾಯಿ 24 ಪೈಸೆ. ಚಿತ್ರಮಂದಿರಕ್ಕೆ ಅರ್ಧ ಹೋದರೆ 47.62. ಅದರಲ್ಲಿ ವಿತರಕರಿಗೆ ಶೇ. 10 ಕೊಟ್ಟರೆ ಕಂಪನಿಗೆ 42.86. ಹಾಕಿದ 40 ಲಕ್ಷ ವಾಪಸು ಬರಬೇಕಾದರೆ ಸುಮಾರು 93,000 ಜನ ಟಿಕೆಟ್ ಕೊಳ್ಳಬೇಕು. 500 ಸೀಟಿನ ಒಂದು ಟಾಕೀಸು ದಿನಕ್ಕೆ ನಾಲ್ಕು ಆಟ, ಒಂದು ಕುರ್ಚಿಯೂ ಖಾಲಿ ಇಲ್ಲದೆ, 47 ದಿನ ಓಡಬೇಕು. ಪೋಸ್ಟರಿನ ಖರ್ಚು, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ನಾನಿನ್ನೂ ಸೇರಿಸಿಲ್ಲ. ಒಂದೇ ಪರದೆಯ ಟಾಕೀಸಿನಲ್ಲಿ ಅರ್ಧ ಪಾಲಿನ ಬದಲು ವಾರದ ಬಾಡಿಗೆ ಕೇಳಿದರೆ, ಜನ ಬಾರದ ವಾರವೂ ಬಾಡಿಗೆ ಕಟ್ಟಬೇಕು.

ಅದಕ್ಕೇ ಸಣ್ಣ ಕಂಪನಿಯವರು ಚಿತ್ರಮಂದಿರವೊಂದನ್ನೇ ನಂಬುವುದಿಲ್ಲ. ಟಿವಿ ಹಕ್ಕು, ಒಟಿಟಿ, ಚಿತ್ರೋತ್ಸವಗಳ ಬಹುಮಾನ, ರಾಜ್ಯ ಸರ್ಕಾರ ಆಯ್ದ ಚಿತ್ರಗಳಿಗೆ ಕೊಡುವ ಸಹಾಯಧನ, ಇವನ್ನೆಲ್ಲ ಒಟ್ಟುಗೂಡಿಸುತ್ತಾರೆ. ಸಹಾಯಧನ ಕೈಗೆ ಬರುವುದು ಚಿತ್ರ ಮುಗಿದ ಮೇಲೆ, ಶೂಟಿಂಗಿನ ಊಟಕ್ಕೆ ಅದು ಆಗುವುದಿಲ್ಲ.

ಜೇವರ್ಗಿಯ ಹುಡುಗನಿಗೆ ಉತ್ತರ ಹೀಗೆ: ಚಿತ್ರ ತೆಗೆಯಲು ಬೆಂಗಳೂರಿಗೆ ಹೋಗಬೇಕಿಲ್ಲ, ಯರೇಹಂಚಿನಾಳದಲ್ಲಿ ಆಗಿದ್ದು ಭೀಮಾ ದಂಡೆಯಲ್ಲೂ ಆಗುತ್ತದೆ. ಸೆನ್ಸಾರಿಗೆ, ವಿತರಕರನ್ನು ಹುಡುಕಲು ಮಾತ್ರ ಇವತ್ತಿಗೂ ರಾತ್ರಿ ರೈಲು ಹತ್ತಲೇಬೇಕು. ಆಳಂದದ ಹುಡುಗಿಗೆ ಒಂದು ಕೆಲಸ ಕೊಡುತ್ತೇನೆ, ಬೇಕಾದವರು ಸೇರಿಕೊಳ್ಳಿ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರಲ್ಲ, ಹಿಂದೂಗಳೂ ಮುಸ್ಲಿಮರೂ ಕೂಡಿ? ಅವರಲ್ಲಿ ಒಬ್ಬರ ಮೇಲೆ ಹತ್ತು ನಿಮಿಷದ ಚಿತ್ರ ಮಾಡಬೇಕು ಎಂದುಕೊಂಡು ಒಂದು ಬಜೆಟ್ ಬರೆಯಿರಿ. ಹಾಡುವವರನ್ನು ಮೊದಲು ಕೇಳಿ, ಅವರ ಒಪ್ಪಿಗೆ ಕಾಗದದ ಮೇಲೆ ಇರಲಿ. ಮೂರು ದಿನ, ಆರು ಜನ. ಕ್ಯಾಮೆರಾಕ್ಕೆ ಮೊಬೈಲ್ ಎಂದು ಹಾಕಿ, ಮೈಕಿಗೆ ಮಾತ್ರ ಬಾಡಿಗೆ ಹಿಡಿಯಿರಿ. ಬಸ್ ಚಾರ್ಜು, ಊಟ, ಹಾಡುವವರು ಬಿಡುವ ಮೂರು ದಿನದ ಕೂಲಿ ಮರೆಯಬೇಡಿ. ಹಾಳೆಯನ್ನು ವಾಣಿಜ್ಯ ವಿಭಾಗದ ಕೋಣೆಗೆ ತಂದುಕೊಡಿ, ಕೂಡಿ ಕುಳಿತು ತಿದ್ದೋಣ.