ಮಳೆ ಹಿಡಿದರೆ ಹೊಲದ ಮನೆ ದೂರ

ಪ್ರಶ್ನೆ: ರಾಜೇಶ್ವರದಲ್ಲಿ ನನ್ನದು ಸಣ್ಣ ಕಿರಾಣಿ ಅಂಗಡಿ. ಅಪ್ಪ-ಅವ್ವ ಊರ ಹೊರಗೆ ಹೊಲದ ಮನೆಯಲ್ಲಿದ್ದಾರೆ. ಅಲ್ಲಿ ಕರೆಂಟಿಲ್ಲ. ಮಳೆ ಹಿಡಿದರೆ ಎರೆ ಕೆಸರಲ್ಲಿ ಬೈಕ್ ಹೋಗುವುದಿಲ್ಲ, ನಡುವೆ ಹಳ್ಳ ಬೇರೆ. ಆದರೂ ದಿನಾ ರಾತ್ರಿ ಅಂಗಡಿ ಮುಚ್ಚಿ ಹೋಗಿಬರುತ್ತೇನೆ. ಹೆಂಡತಿ ಜಗಳ ತೆಗೆಯುತ್ತಾಳೆ. ಊರಿಗೆ ಬರ್ರಿ ಅಂದರೆ ಅಪ್ಪ, "ದನ ಯಾರು ನೋಡ್ತಾರ?" ಅಂತಾರೆ. ಏನು ಮಾಡಲಿ?

ಉತ್ತರ: ಖರೆ ಹೇಳಬೇಕೆಂದರೆ, ಆ ರಾತ್ರಿ ಓಡಾಟ ಅಪ್ಪ-ಅವ್ವನಿಗಿಂತ ನಿಮ್ಮ ಮನಸ್ಸಿನ ಸಮಾಧಾನಕ್ಕೇ ಹೆಚ್ಚು. ಮೊದಲು ಅದನ್ನು ನಿಲ್ಲಿಸಿ. ಎರೆಮಣ್ಣು ನೀರು ಕುಡಿದು ಉಬ್ಬುವ ಜಾತಿ. ಟಯರು-ಮಡ್‌ಗಾರ್ಡ್ ನಡುವೆ ಮೆತ್ತಿಕೊಂಡರೆ ಚಕ್ರವೇ ತಿರುಗದು. ಕಡ್ಡಿಯಿಂದ ಕೆರೆದು ಹತ್ತು ಹೆಜ್ಜೆ ನೂಕುವಷ್ಟರಲ್ಲಿ ಮತ್ತೆ ತುಂಬಿರುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ಬಿಡಿ.

ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಆಚೆಯ ದ್ರಾಸ್ ಕಡೆಯವರು ಹಿಟ್ಟು, ಉರುವಲು, ಮೇವು ಎಲ್ಲ ಮೊದಲೇ ಕೂಡಿಟ್ಟು ಕೂರುವುದು ವಾಡಿಕೆ. ನೀವೂ ಮಿರಗದ ಮಳೆ ಬೀಳುವ ಮುಂಚೆ, ಜೂನ್ ಮೊದಲ ವಾರದೊಳಗೆ, ಅದನ್ನೇ ಮಾಡಿ. ಕಿರಾಣಿಯವರಿಗೆ ಪಟ್ಟಿ ಬೇಕಿಲ್ಲ. ಹಿಟ್ಟು ಮಾತ್ರ ಹದಿನೈದು ದಿನಕ್ಕಿಂತ ಹೆಚ್ಚು ಇಡಬೇಡಿ, ಮಳೆಗಾಲದಲ್ಲಿ ಮುಗ್ಗುತ್ತದೆ. ಕುಳ್ಳು-ಕಟ್ಟಿಗೆ, ಕಣಕಿ ಬಣವೆ ತಾಡಪಾಲಿನಡಿ ಇರಲಿ. ಬಿಪಿ-ಶುಗರ್ ಗುಳಿಗೆ ನುಂಗುವವರಿದ್ದರೆ ಒಂದು ತಿಂಗಳದ್ದು ಹೆಚ್ಚಿಗೆ ಕೊಡಿ. ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನಿನ ಚಾರ್ಜು ದಿನಗಟ್ಟಲೆ ಬರುತ್ತದೆ. ಸಣ್ಣ ಸೋಲಾರ್ ದೀಪವೂ ಇರಲಿ.

ನಾನು ಹೆಚ್ಚು ಹೆದರುವುದು ಹಾವಿಗೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಡಿಯುವುದು ಹೆಚ್ಚು, ಕಡಿದದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ. ಇಬ್ಬರಿಗೂ ಹೊರಸು, ಸೊಳ್ಳೆಪರದೆ ಕೊಡಿಸಿ. ಪರದೆಯ ಅಂಚು ಹಾಸಿಗೆಯಡಿ ಸಿಕ್ಕಿಸಬೇಕು. ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ನಡೆಸಲೂಬಾರದು. ಅಕ್ಕಪಕ್ಕದ ಹೊಲದಲ್ಲಿ ಎತ್ತಿನ ಗಾಡಿ ಇದ್ದವರ ಜೊತೆ ಈಗಲೇ ಮಾತಾಡಿಡಿ: ಕರೆದಾಗ ಗಾಡಿ ಹೂಡಿ ಹೆದ್ದಾರಿತನಕ ತರಬೇಕು. ಅಷ್ಟರಲ್ಲಿ ನೀವು 108ಕ್ಕೆ ಫೋನ್ ಮಾಡಿ ಅಲ್ಲಿ ನಿಂತಿರಿ. ಹುಮನಾಬಾದೋ ಬಸವಕಲ್ಯಾಣವೋ, ಪ್ರತಿವಿಷದ ಇಂಜೆಕ್ಷನ್ ಎಲ್ಲಿದೆ ಎಂದು ಮಳೆಗೆ ಮೊದಲೇ ಸರಕಾರಿ ದವಾಖಾನೆಗೆ ಹೋಗಿ ಕೇಳಿಕೊಂಡು ಬನ್ನಿ.

ದಾರಿಗೆ ಗರಸು ಹಾಕಿಸುವುದು ಬೇಸಿಗೆಯ ಕೆಲಸ. 'ನಮ್ಮ ಹೊಲ ನಮ್ಮ ದಾರಿ' ಎಂದು ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿಗಳಾಗಿವೆ. ಈಗ ಯಾವ ಲೆಕ್ಕದಲ್ಲಿ ಆಗುತ್ತದೆಂದು ಪಂಚಾಯತಿಯಲ್ಲಿ ವಿಚಾರಿಸಿ. ಗ್ರಾಮನಕ್ಷೆಯಲ್ಲಿರುವ ಬಂಡಿದಾರಿಯನ್ನು ಯಾರಾದರೂ ಒತ್ತಿದ್ದರೆ ತಹಸೀಲ್ದಾರರಿಗೆ ಅರ್ಜಿ ಕೊಡಿ.

ಅಪ್ಪನನ್ನು ಊರಿಗೆ ಕರೆಯುವ ಮಾತು ದೀಪಾವಳಿತನಕ ಎತ್ತಬೇಡಿ. ದನ ಬಿಟ್ಟು ಬಂದು ನಿಮ್ಮ ಅಂಗಡಿ ಕಟ್ಟೆ ಮೇಲೆ ಕೂತು ಅವರೇನು ಮಾಡಬೇಕು? ಹೆಂಡತಿಯ ಸಿಟ್ಟು ಅತ್ತೆ-ಮಾವನ ಮೇಲಿನದಿರಲಿಕ್ಕಿಲ್ಲ. ಹಳ್ಳದ ಕಡೆ ಹೋದ ಗಂಡನ ಫೋನ್ ಹತ್ತದಿದ್ದರೆ ಮನೆಯಲ್ಲಿ ಕೂತವರ ಜೀವ ಹೇಗಿರುತ್ತದೆ, ನೋಡಿ. ಸಂಜೆ ಏಳಕ್ಕೆ ಹೊಲದ ಮನೆಗೆ ಫೋನ್ ಮಾಡುವ ಕೆಲಸ ಅವರಿಗೇ ಬಿಡಿ. ಅತ್ತೆಯವರು ನಿಮಗೆ ಹೇಳದ ಕಾಲುನೋವು ಸೊಸೆಗೆ ಹೇಳುತ್ತಾರೆ. ಅಷ್ಟಾಗಿಯೂ ಹೋಗಲೇಬೇಕಾಯಿತೋ, ಬೈಕ್ ಡಾಂಬರ್ ರಸ್ತೆ ಪಕ್ಕವೇ ಬಿಟ್ಟು, ಇನ್ನೊಬ್ಬರನ್ನು ಕರೆದುಕೊಂಡು ನಡೆದು ಹೋಗಿ. ಹಳ್ಳ ಬಂದಿದ್ದರೆ ಈಚೆ ದಂಡೆಯಿಂದಲೇ ತಿರುಗಿ ಬನ್ನಿ.